ಕವಚದ ಜಾಗದಲ್ಲಿ ಹಾಳೆ

ಮಳೆ ಬಿಟ್ಟು ಗಟ್ಟಿ ಬಿಸಿಲು ಬಿದ್ದ ಮೊದಲ ಭಾನುವಾರ ಕೊಪ್ಪದ ನಮ್ಮ ಮನೆಯಂಗಳದಲ್ಲಿ ಹಪ್ಪಳ ಒಣಗುವುದಿಲ್ಲ, ನನ್ನ ಬೈಕ್ ಜಾಕೆಟ್ ಒಣಗುತ್ತದೆ. ಕಪಾಟು ತೆಗೆದರೆ ಸಾಕು, ಬೂಷ್ಟು ಹಿಡಿದ ಚರ್ಮದ ವಾಸನೆಗೆ ಸೀನು ಬರುತ್ತದೆ. ಇವತ್ತೂ ಬಂತು. "ಮೊದ್ಲು ಅದನ್ನ ಹೊರಗೆ ಹಾಕು ಮಾರಾಯ್ತಿ," ಅಂದರು ಅತ್ತೆ.

ನಾನು ಶೃಂಗೇರಿಯಲ್ಲಿ ಮಕ್ಕಳಿಗೆ ಗಣಿತ ಹೇಳುವವಳು. ವಾರವಿಡೀ ಸೀರೆ, ಬಸ್ಸು. ಭಾನುವಾರ ಮಾತ್ರ ಚರ್ಮದ ಜಾಕೆಟ್ಟು, ಬೈಕು. ಮದುವೆಯಾದ ಹೊಸತರಲ್ಲಿ ಅತ್ತೆ ಇದಕ್ಕೆ ಬೇಡವೆನ್ನಲಿಲ್ಲ, ಒಂದು ಷರತ್ತು ಹಾಕಿದರು. ಬೆನ್ನಿಗೆ, ಮೊಣಕೈಗೆ ಕವಚವಿಲ್ಲದೆ ಗೇಟು ದಾಟುವಂತಿಲ್ಲ. ಹೊರಡುವಾಗ ತೆಂಗಿನಕಾಯಿ ಆರಿಸುವವರ ಹಾಗೆ ನನ್ನ ಬೆನ್ನನ್ನು ಎರಡು ಸಲ ಕುಟ್ಟಿ ನೋಡುತ್ತಿದ್ದರು.

ಆದರೆ ನಾನು ಆ ಜಾಕೆಟ್ಟನ್ನು ಕೊಂಡದ್ದು ಕನ್ನಡಿ ಮುಂದೆ ನೆಟ್ಟಗೆ ನಿಂತು, ಹೊಟ್ಟೆ ಒಳಗೆಳೆದುಕೊಂಡು. ಒಳಜೇಬಿಗೆ ಗಟ್ಟಿ ಕವಚ ಸೇರಿಸಿ ಹ್ಯಾಂಡಲ್ಲಿಗೆ ಬಗ್ಗಿದರೆ ಬೆನ್ನಿನದು ಮೇಲೆ ಸರಿದು ಹೆಲ್ಮೆಟ್ಟಿಗೆ ಗುದ್ದುತ್ತಿತ್ತು. ಜಿಪ್ಪು ಎದೆಯವರೆಗೆ ಬಂದು ಮುಷ್ಕರ ಹೂಡುತ್ತಿತ್ತು. ನೀವಾದರೂ ಏನು ಮಾಡುತ್ತಿದ್ದಿರಿ? ನಾನು ಬಚ್ಚಲ ಹಿಂದೆ ಬಿದ್ದಿದ್ದ ಅಡಿಕೆ ಹಾಳೆಯೊಂದನ್ನು ಅಳತೆಗೆ ಕತ್ತರಿಸಿ ಬೆನ್ನಿನ ಕವಚದ ಜಾಗಕ್ಕೆ ತೂರಿಸಿದೆ. ಹಗುರ, ತೆಳು, ಕುಟ್ಟಿದರೆ ಗಟ್ಟಿ ಶಬ್ದ ಬೇರೆ.

ಅತ್ತೆ ಒಂದು ಸಲ ಕುಟ್ಟಿದರು. ಎರಡನೆಯ ಸಲ ಕುಟ್ಟಲಿಲ್ಲ.

"ಇದು ಹಾಳೆ."

ಹಾಳೆಯ ಮೇಲೆ ಮಕ್ಕಳನ್ನು ಮಲಗಿಸಿ ಮೀಯಿಸಿದ ಕೈ ಅದು. ಅದಕ್ಕೆ ಮೋಸ ಮಾಡಲು ಹೋಗಿದ್ದೆ ನಾನು!

"ನಂಗೆ ಸುಳ್ಳು ಹೇಳು, ತಡ್ಕಳ್ತೀನಿ. ನಿನ್ನ ಬೆನ್ನಿಗೇ ಎಂತಕ್ಕೆ ಹೇಳ್ತೀಯೆ?"

ಮರುದಿನವೇ ತಮ್ಮ ರವಿಕೆ ಹೊಲಿಯುವ ವನಜಕ್ಕನ ಅಂಗಡಿಗೆ ಕರೆದೊಯ್ದರು. ವನಜಕ್ಕ ಟೇಪು ಹಿಡಿದು ಹೇಳಿದರು: "ನಿಂತು ಅಳತೆ ಕೊಟ್ರೆ ನಿಂತಾಗ ಮಾತ್ರ ಸರಿ ಆಗ್ತದೆ. ಬೆಂಚಿನ ಆಚೀಚೆ ಕಾಲು ಹಾಕಿ ಕೂತ್ಕ, ಬಗ್ಗು." ಹ್ಯಾಂಡಲ್ ಎಂದು ಕೈಗೊಂದು ಗಜಕೋಲು ಕೊಟ್ಟರು. ಬ್ಲೌಸ್ ಕೊಡಲು ಬಂದ ಹೆಂಗಸರೆಲ್ಲ ನಿಂತು ಸಲಹೆ ಕೊಟ್ಟರು. ಕೊನೆಗೆ ತೆಳುವಾದ ಹತ್ತಿಯ ಒಳ ಅಂಗಿಯೊಂದು ತಯಾರಾಯಿತು. ಅದಕ್ಕೇ ಜೇಬು ಹೊಲಿದು ಕವಚಗಳನ್ನು ಕೂರಿಸಿದರು. ಕವಚ ಮೈಗೆ ಅಂಟಿರಬೇಕು, ಜಾಕೆಟ್ಟಿಗಲ್ಲ ಎಂಬುದು ವನಜಕ್ಕನ ಸಿದ್ಧಾಂತ. ಚಪ್ಪಲಿ ಹೊಲಿಯುವವರಿಂದ ಜಾಕೆಟ್ಟಿನ ಎರಡೂ ಪಕ್ಕ ಬಿಚ್ಚಿಸಿ ಚರ್ಮದ ಪಟ್ಟಿ ಸೇರಿಸಿದ್ದಾಯಿತು. ಆಮೇಲೆ ಅತ್ತೆ ಕುಟ್ಟಿ ನೋಡುವುದನ್ನೇ ಬಿಟ್ಟರು. ನನ್ನನ್ನು ನಂಬಿದರು.

ಎರಡು ವರ್ಷದ ಹಿಂದೆ ಶೆಟ್ಟಿಕೊಪ್ಪ ದಾಟಿದ ಮೇಲಿನ ತಿರುವಿನಲ್ಲಿ ಬೈಕು ಜಾರಿತು. ಬೆನ್ನು ರಸ್ತೆ ಬದಿಯ ಕಲ್ಲಿಗೆ ಹೋಗಿ ಬಡಿಯಿತು. ಕವಚ ಒಂದಿಷ್ಟೂ ಸರಿದಿರಲಿಲ್ಲ, ಅದಕ್ಕೇ ಎದ್ದು ಕೂತೆ. ಆದರೂ ಎಂಟು ದಿನ ಬೆನ್ನು ಹಿಡಿದುಕೊಂಡಿತ್ತು. ಅತ್ತೆ ಕೇಳಿದರೆ ನೋವೇನಿಲ್ಲ, ಬಸ್ಸಿನ ಸೀಟು ಸರಿಯಿಲ್ಲ ಎಂದೆ. ನಿಜ ಹೇಳಿದರೆ ನನ್ನ ಭಾನುವಾರ ಹೋದೀತೆಂಬ ಭಯ. ಜಾಕೆಟ್ಟಿನ ತರಚಿಗೆ ಶೂ ಪಾಲಿಶ್ ಮೆತ್ತಿದೆ. ಕಳೆದ ವರ್ಷ ಬೂಷ್ಟನ್ನೂ ನಾನೇ ಒರೆಸಿದೆ.

ಇವತ್ತು ಅತ್ತೆ ಬೂಷ್ಟು ಒರೆಸುತ್ತಾ ಇದ್ದವರು ಜಾಕೆಟ್ಟಿನ ಬೆನ್ನಿನ ಹತ್ತಿರ ಕೈ ನಿಲ್ಲಿಸಿದರು. ಬಟ್ಟೆಗೆ ಕಪ್ಪು ಹತ್ತಿತ್ತು, ಕೆಳಗೆ ಗೀರು ಕಾಣುತ್ತಿತ್ತು.

"ಇದೆಂತದೆ?"

ಎಲ್ಲ ಹೇಳಿಬಿಟ್ಟೆ. ಬೈಕಿನ ಕೀಲಿ ಕೇಳುತ್ತಾರೆಂದು ಕಾದೆ. ಅತ್ತೆ ಬಹಳ ಹೊತ್ತು ಆ ಗೀರನ್ನೇ ಸವರುತ್ತಿದ್ದರು.

"ಎಂಟು ದಿನ ಒಬ್ಳೇ ನೋವು ತಿಂದ್ಯಾ? ಒಂದು ಮಾತು ಹೇಳಿದ್ರೆ ಎಣ್ಣೆ ತಿಕ್ತಿರ್ಲಿಲ್ವನೆ ನಾನು?"

ನನಗೆ ಅಳು ಬಂತು. ಅವರು ಒಳಗೆ ಹೋಗಿ ಎಣ್ಣೆ ಬಿಸಿಗಿಟ್ಟರು. ನೋವು ಹೋಗಿ ಎರಡು ವರ್ಷವಾಯಿತು ಅತ್ತೆ ಎಂದರೂ ಕೇಳದೆ ಚಾಪೆಯ ಮೇಲೆ ಬೋರಲು ಮಲಗಿಸಿ, ಬೆನ್ನಿನ ಮೇಲೆ ಕೈಯಿಟ್ಟು ಕೇಳಿದರು:

"ಎಲ್ಲಿ? ಇಲ್ಲಿಯಾ?"

"ಇನ್ನೊಂಚೂರು ಕೆಳಗೆ," ಅಂದೆ.