ಒಂದು ಟೀ ಕುಡಿಯುವಷ್ಟು ಹೊತ್ತು

ಅವಳನ್ನು ಮನೆಯಲ್ಲಿ ಇರುವೆ ಎಂದು ಕರೆಯುತ್ತಿದ್ದರು. ಹೆಸರಿಟ್ಟವಳು ತಾಯಿ. ಐದು ವರ್ಷದ ಮಗಳು ಒಂದು ಊಟ ಮುಗಿಸುವಷ್ಟರಲ್ಲಿ ಹನ್ನೊಂದು ಸಲ ಎದ್ದು ಓಡಿದ್ದನ್ನು ಎಣಿಸಿ, "ಇದು ಮಗು ಅಲ್ಲ, ಇರುವೆ" ಎಂದು ತೀರ್ಪು ಕೊಟ್ಟುಬಿಟ್ಟಿದ್ದಳು. ಈಗ ಇರುವೆಗೆ ನಲವತ್ತೇಳು. ಕೂದಲು ನೆರೆತಿದೆ, ಹೆಸರಿನ ಮುಂದೆ ಡಾಕ್ಟರ್ ಸೇರಿಕೊಂಡಿದೆ, ಆದರೆ ಕೂತಲ್ಲಿ ಕೂರುವ ಬುದ್ಧಿ ಮಾತ್ರ ಇನ್ನೂ ಬಂದಿಲ್ಲ. ತಿಂಡಿ ನಿಂತೇ ಆಗಬೇಕು. ಫೋನು ಬಂದರೆ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ನಡೆಯುತ್ತಲೇ ಮಾತು. ಗಂಡ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಸಾವಧಾನದ ಮನುಷ್ಯ. ಮನೆಗೆ ಬಂದವರಿಗೆಲ್ಲ ಊಟದ ಮೇಜಿನ ಬಳಿಯ ಅವಳ ಕುರ್ಚಿ ತೋರಿಸಿ, "ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇದೆ ನೋಡಿ, ಈಗಲೂ ವಾಪಸ್ ತಗೋತಾರೆ" ಎನ್ನುತ್ತಿದ್ದ.

ಇಂಥವಳು ಆರಿಸಿಕೊಂಡಿದ್ದು ಮಾತ್ರ ಕಾದು ಕೂರುವ ಕೆಲಸ. ದೊಡ್ಡ ಆಸ್ಪತ್ರೆಯೊಂದರ ಹಿಂಭಾಗದಲ್ಲಿ, ಲಾಂಡ್ರಿಯ ಮೇಲಿನ ಮಹಡಿಯಲ್ಲಿ ಅವಳ ಲ್ಯಾಬ್. ಕೆಳಗೆ ಯಂತ್ರ ತಿರುಗಿದರೆ ಮೇಲೆ ಗಾಜಿನ ಸಾಮಾನು ಕಿಣಿಕಿಣಿ ಎನ್ನುತ್ತಿತ್ತು. ಲಿವರ್ ಮೆಲ್ಲಮೆಲ್ಲಗೆ ಕಲೆಗಟ್ಟಿ ಗಟ್ಟಿಯಾಗುವುದು, ಆ ಗಟ್ಟಿಯಾದ ಲಿವರಿನಲ್ಲೇ ಒಂದು ದಿನ ಕ್ಯಾನ್ಸರ್ ಗಡ್ಡೆ ಏಳುವುದು, ಇದು ಯಾಕೆ ಎನ್ನುವುದೇ ಅವಳ ಪ್ರಶ್ನೆ. ಅದು ಬರಿಯ ಓದಿನ ಪ್ರಶ್ನೆಯಾಗಿರಲಿಲ್ಲ. ಅವಳ ಸೋದರತ್ತೆ ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ ಇದೇ ಕಾಯಿಲೆಯಲ್ಲಿ ತೀರಿಕೊಂಡಾಗ, ನೋಡಲು ಬಂದವರು ಮೆಟ್ಟಿಲ ಮೇಲೆ ನಿಂತು, "ಕದ್ದು ಕುಡೀತಿದ್ಲಂತೆ" ಎಂದು ಪಿಸುಗುಟ್ಟಿದ್ದರು. ಕೆಮ್ಮಿನ ಔಷಧಿಗಿಂತ ಖಾರವಾದದ್ದೇನನ್ನೂ ಅತ್ತೆ ಜನ್ಮದಲ್ಲಿ ಕುಡಿದವಳಲ್ಲ. ಆಗ ಹದಿನಾರರ ಹುಡುಗಿಯಾಗಿದ್ದ ಇರುವೆಗೆ ಹತ್ತಿದ ಸಿಟ್ಟು ಇನ್ನೂ ಆರಿಲ್ಲ.

ಹನ್ನೆರಡು ವರ್ಷದ ದುಡಿಮೆಯಲ್ಲಿ ಅವಳ ಕೈಗೆ ಒಂದು ಸ್ವಿಚ್ಚು ಸಿಕ್ಕಿತ್ತು. ಜೀವಕೋಶದೊಳಗೆ 'ಬೆಳೆ' ಎಂಬ ಸಂದೇಶ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗುತ್ತದೆ. ಅವುಗಳಲ್ಲಿ ಅವಳು ಹಿಡಿದ ಒಂದು ಪ್ರೋಟೀನಿನ ಬೆನ್ನಿಗೆ ಒಂದು ಫಾಸ್ಫೇಟ್ ಅಂಟಿಕೊಂಡರೆ ಸ್ವಿಚ್ಚು ಹಾಕಿದಂತೆ, ಉದುರಿದರೆ ಆರಿಸಿದಂತೆ. ಪರೀಕ್ಷೆಯ ಫಿಲ್ಮಿನ ಮೇಲೆ ಸ್ವಿಚ್ಚು ಹಾಕಿದ್ದು ಕಪ್ಪು ಪಟ್ಟಿಯಾಗಿ ಮೂಡುತ್ತದೆ. ಆಪರೇಷನ್ನಿನಲ್ಲಿ ತೆಗೆದ ಒಂದೇ ಲಿವರಿನಿಂದ ಗಡ್ಡೆಯದೊಂದು ಚೂರು, ಗಡ್ಡೆಯಿಂದ ದೂರದ್ದೊಂದು ಚೂರು, ಹೀಗೆ ಅರವತ್ಮೂರು ಜೋಡಿಗಳನ್ನು ಅವಳು ನೋಡಿದ್ದಳು. ಗಡ್ಡೆಯಲ್ಲೆಲ್ಲ ಕಪ್ಪು ಪಟ್ಟಿ, ಉಳಿದ ಲಿವರಿನಲ್ಲಿ ಖಾಲಿ. ಹಾಗಾದರೆ ಸ್ವಿಚ್ಚನ್ನು ಆರಿಸುವ ಔಷಧಿ ಗಡ್ಡೆಯನ್ನಷ್ಟೇ ಹೊಡೆಯುತ್ತದೆ, ಉಳಿದ ಲಿವರಿಗೆ ತಂಟೆ ಮಾಡುವುದಿಲ್ಲ. ಈ ಮಾತಿನ ಮೇಲೆ ಔಷಧಿ ತಯಾರಾಗಿತ್ತು. ರೋಗಿಗಳಿಗೆ ಕೊಟ್ಟು ನೋಡುವ ಪ್ರಯೋಗ ಮುಂದಿನ ತಿಂಗಳೇ ಶುರು. ಆ ರೋಗಿಗಳ ಪಟ್ಟಿಯಲ್ಲಿ ಮೊದಲ ಹೆಸರು ಫ್ಲಾಸ್ಕಣ್ಣನದು.

ಫ್ಲಾಸ್ಕಣ್ಣ ಎಂದರೆ ಆಪರೇಷನ್ ಥಿಯೇಟರಿನಿಂದ ಲ್ಯಾಬಿಗೆ ಚೂರುಗಳನ್ನು ತರುವವನು. ಚೂರನ್ನು ತಕ್ಷಣ ಹೆಪ್ಪುಗಟ್ಟಿಸುವ ದ್ರವ ಸಾರಜನಕ ತುಂಬಿದ ಉಕ್ಕಿನ ಫ್ಲಾಸ್ಕು ಹಿಡಿದು, ಅದರ ಬಿಳಿ ಹೊಗೆ ಬಿಡುತ್ತ ಕಾರಿಡಾರಿನಲ್ಲಿ ಬರುವ ಐವತ್ತೆಂಟರ ಮನುಷ್ಯ. ಹನ್ನೆರಡು ವರ್ಷದಲ್ಲಿ ಒಂದು ಚೂರು ಕೆಡಿಸಿದವನಲ್ಲ, ಒಂದು ಚೀಟಿ ತಪ್ಪಾಗಿ ಬರೆದವನಲ್ಲ. ಆರು ತಿಂಗಳ ಹಿಂದೆ ಅವನದೇ ಲಿವರಿನಲ್ಲಿ ಕಲೆ, ಕಲೆಯ ನಡುವೆ ನೆಲ್ಲಿಕಾಯಿಯಷ್ಟು ಗಡ್ಡೆ ಕಂಡಿತ್ತು. ಅವನೂ ಕುಡಿದವನಲ್ಲ. "ನಾನು ಕುಡಿಯಲ್ಲ ಅಂತ ಬೋರ್ಡ್ ಹಾಕ್ಕೊಂಡು ತಿರುಗಬೇಕಷ್ಟೇ ಮೇಡಂ" ಎಂದು ನಕ್ಕಿದ್ದ. ಸೋಮವಾರ ಆಪರೇಷನ್. ಇಂಥ ಗಡ್ಡೆ ತೆಗೆದರೂ ಮತ್ತೆ ಏಳುವುದೇ ಹೆಚ್ಚು. ಏಳದ ಹಾಗೆ ನೋಡಿಕೊಳ್ಳುವುದು ಹೊಸ ಔಷಧಿಯ ಕೆಲಸ, ಮತ್ತು ಆ ಔಷಧಿ ಅವಳದು.

ಇಷ್ಟೆಲ್ಲ ಚೆನ್ನಾಗಿರುವಾಗ ಇರುವೆಯನ್ನು ಕಚ್ಚಿದ್ದು ನಲವತ್ತೊಂದನೇ ಜೋಡಿ. ಅರವತ್ಮೂರರಲ್ಲಿ ಅದೊಂದರಲ್ಲಿ ಮಾತ್ರ ಎರಡೂ ಕಡೆ ಕಪ್ಪು ಪಟ್ಟಿ ಬಂದಿತ್ತು. ಮಾದರಿ ಕೆಟ್ಟಿರಬೇಕು ಎಂದು ಎಲ್ಲರೂ ಅದನ್ನು ಪಕ್ಕಕ್ಕಿಟ್ಟಿದ್ದರು, ಅವಳೂ ಇಟ್ಟಿದ್ದಳು. ಪ್ರಯೋಗದ ದಿನ ಹತ್ತಿರ ಬಂದಂತೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡತೊಡಗಿತು. ಬಸ್ಸಿನಲ್ಲಿ ಅದೇ ಯೋಚನೆ, ಪಾತ್ರೆ ತೊಳೆಯುವಾಗಲೂ ಅದೇ. ಕೊನೆಗೆ ಗುರುವಾರ ಮಧ್ಯಾಹ್ನ ಹಳೆಯ ಫೈಲು ಹಿಡಿದು ಫ್ಲಾಸ್ಕಣ್ಣನ ಕೋಣೆಗೇ ಹೋದಳು. ಆಪರೇಷನ್ನಿಗೆ ರಜೆ ಹಾಕುವ ಮುಂಚಿನ ಅವನ ಕೊನೆಯ ದಿನ. ಕಪಾಟು ಒರೆಸುತ್ತಿದ್ದ.

"ಅಣ್ಣಾ, ಈ ನಲವತ್ತೊಂದು ನೆನಪಿದೆಯಾ? ಆ ದಿನ ಏನಾದರೂ ಬೇರೆ ಥರ ಆಗಿತ್ತಾ?"

ಅವನು ತಾರೀಕು ನೋಡಿದ. "ಆಗಿತ್ತು. ಚೂರು ಕತ್ತರಿಸಿ ಕೊಡೋ ಪೆಥಾಲಜಿ ಡಾಕ್ಟ್ರು ರಜೆ ಇದ್ರು. ಥಿಯೇಟರಲ್ಲೇ ಎರಡೂ ಒಟ್ಟಿಗೆ ಕೊಟ್ಟುಬಿಟ್ರು. ಎರಡನ್ನೂ ಒಂದೇ ಸಲ ಫ್ಲಾಸ್ಕಿಗೆ ಹಾಕಿದೆ."

"ಬೇರೆ ದಿನ ಒಟ್ಟಿಗೆ ಹಾಕಲ್ವಾ?"

"ಇಲ್ಲ ಮೇಡಂ. ಡಾಕ್ಟ್ರು ಗಡ್ಡೆ ಚೂರು ಮೊದಲು ಕೊಡ್ತಾರೆ. ನಾನೂ ಅದನ್ನೇ ಮೊದಲು ಹಾಕ್ತೀನಿ. ಆಸ್ಪತ್ರೆ ಅಂದ್ಮೇಲೆ ಸೀಕಾದವರು ಮೊದಲು ಅಲ್ವಾ? ಚೆನ್ನಾಗಿರೋದು ಟ್ರೇನಲ್ಲಿ ಕಾಯುತ್ತೆ. ಗಡ್ಡೆ ಪೂರ್ತಿ ಬಂದಿದೆಯಾ ಅಂತ ಅವರು ಅಂಚು ಗಿಂಚು ನೋಡಿ ಮುಗಿಸಿ ಆಮೇಲೆ ಕೊಡ್ತಾರೆ."

"ಎಷ್ಟು ಹೊತ್ತು ಕಾಯುತ್ತೆ?"

"ಒಂದು ಟೀ ಕುಡಿಯೋಷ್ಟು ಹೊತ್ತು. ಅರ್ಧ ಗಂಟೆ, ನಲವತ್ತು ನಿಮಿಷ."

ಇರುವೆ ಫೈಲನ್ನು ಕಪಾಟಿನ ಮೇಲಿಟ್ಟಳು. ಫಾಸ್ಫೇಟ್ ಶಾಶ್ವತವಾಗಿ ಅಂಟಿಕೊಂಡಿರುವ ವಸ್ತುವಲ್ಲ. ದೇಹದಿಂದ ಹೊರಗೆ ಬಂದ ಚೂರನ್ನು ತಕ್ಷಣ ಹೆಪ್ಪುಗಟ್ಟಿಸಿದರೆ ಉಳಿಯುತ್ತದೆ, ಬೆಚ್ಚಗೆ ಬಿದ್ದಿದ್ದರೆ ತಾನಾಗಿ ಉದುರಿಹೋಗುತ್ತದೆ. ಹಾಗಾದರೆ ಸ್ವಿಚ್ಚು ಉಳಿದ ಲಿವರಿನಲ್ಲೂ ಹಾಕಿಯೇ ಇದ್ದಿರಬಹುದು, ಟ್ರೇನಲ್ಲಿ ಕಾಯುತ್ತ ಆರಿರಬಹುದು. ಹಾಗಿದ್ದರೆ ಔಷಧಿ ಗಡ್ಡೆಯ ಜೊತೆ ಉಳಿದ ಲಿವರನ್ನೂ ಹೊಡೆಯುತ್ತದೆ. ಇಲಿಗಳಲ್ಲಿ ಇದು ಗೊತ್ತಾಗಿರಲಿಲ್ಲ, ಅವುಗಳ ಲಿವರಿನಲ್ಲಿ ಕಲೆಯೇ ಇರಲಿಲ್ಲ. ಊರೆಲ್ಲ ಓಡಾಡುವ ಇವಳು, ಈ ಹನ್ನೆರಡು ವರ್ಷದಲ್ಲಿ ಒಂದು ಸಲವೂ ಆ ಟ್ರೇ ಇರುವ ಕೋಣೆಗೆ ಕಾಲಿಟ್ಟಿರಲಿಲ್ಲ. ಲ್ಯಾಬಿನಿಂದ ಎರಡು ಮಹಡಿ ದೂರ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಫ್ಲಾಸ್ಕಣ್ಣ ಅವಳ ಮುಖ ನೋಡುತ್ತ ಬಟ್ಟೆ ಮಡಿಸಿಟ್ಟ. ಓದಿದ್ದು ಕಡಿಮೆಯಾದರೂ ಹನ್ನೆರಡು ವರ್ಷ ಈ ಜನರ ಮಾತು ಕೇಳಿದವನು. "ತಪ್ಪಾಯ್ತಾ?" ಎಂದ.

"ಗೊತ್ತಿಲ್ಲ ಅಣ್ಣ. ನೋಡಬೇಕು."

"ನೋಡೋಕೆ ಹೊಸ ಚೂರು ಬೇಕಲ್ಲ. ಸೋಮವಾರ ನಂದೇ ಇದೆ." ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಎರಡೂ ಒಟ್ಟಿಗೆ ಹಾಕಿ. ಚೆನ್ನಾಗಿರೋದರಲ್ಲಿ ಇನ್ನೊಂದು ಚೂರು ಮಾಡಿ, ಅದನ್ನ ಟೀ ಕುಡಿಯೋಕೆ ಬಿಡಿ."

"ನಿಮ್ಮ ಔಷಧಿ ನಿಂತುಹೋಗಬಹುದು. ಅರ್ಥ ಆಯ್ತಾ ನಿಮಗೆ?"

"ಅರ್ಥ ಆಗದೆ ಹೇಳ್ತಿದೀನಾ?" ಎಂದವನೇ ಮತ್ತೆ ಕಪಾಟು ಒರೆಸಲು ತಿರುಗಿದ.

ವಿಭಾಗದ ಮುಖ್ಯಸ್ಥರು ಕೆಟ್ಟವರೇನಲ್ಲ. ಅವಳ ಮಾತು ಪೂರ್ತಿ ಕೇಳಿ ಕನ್ನಡಕ ತೆಗೆದರು. "ನೋಡಮ್ಮ, ಒಂದು ಜೋಡಿ ಹಿಡ್ಕೊಂಡು ಹನ್ನೆರಡು ವರ್ಷದ್ದು ಕೆಡವ್ತೀಯಾ? ಮೊದಲು ಕೂತ್ಕೋ." ಅವಳು ಕೂರಲಿಲ್ಲ. ಕೋಣೆಯಲ್ಲಿ ಮೂರು ಸಲ ಸುತ್ತು ಹೊಡೆದ ಮೇಲೆ ಅವರೇ ಸೋತು ಅನುಮತಿಯ ಕಾಗದಕ್ಕೆ ಸಹಿ ಹಾಕಿದರು. ಶನಿವಾರ, ಭಾನುವಾರ ಅವಳು ಮನೆಯ ಕಿಟಕಿಗಳನ್ನೆಲ್ಲ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಗಂಡ ಬಕೆಟ್ಟಿಗೆ ನೀರು ತುಂಬಿ ಕೊಡುತ್ತ ಹೋದ.

ಸೋಮವಾರ ಹನ್ನೊಂದೂ ಇಪ್ಪತ್ತಕ್ಕೆ ಥಿಯೇಟರಿನ ಬಾಗಿಲು ತೆರೆದು ಟ್ರೇ ಹೊರಗೆ ಬಂತು. ಪೆಥಾಲಜಿ ಡಾಕ್ಟರಿಗೆ ಅವಳು ಮುಂಚೆಯೇ ಹೇಳಿಟ್ಟಿದ್ದಳು, ಅವರು ಮೂರು ಚೂರು ಕತ್ತರಿಸಿ ಕೊಟ್ಟರು. ಗಡ್ಡೆಯದೊಂದನ್ನೂ ಉಳಿದ ಲಿವರಿನದೊಂದನ್ನೂ ಅವಳು ಎರಡು ಚಿಮಟದಲ್ಲಿ ಹಿಡಿದು ಒಟ್ಟಿಗೇ ಫ್ಲಾಸ್ಕಿಗೆ ಬಿಟ್ಟಳು. ಮೂರನೆಯದು ಟ್ರೇನಲ್ಲಿ ಉಳಿಯಿತು, ಉಗುರಿನಷ್ಟು ಅಗಲದ ಕಂದು ಚೂರು.

ಇನ್ನು ನಲವತ್ತು ನಿಮಿಷ. ಹೊರಗೆ ಬೆಂಚಿತ್ತು, ಆದರೆ ಕೂರಲಾಗಲಿಲ್ಲ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಅರವತ್ತೆಂಟು ಹೆಜ್ಜೆ. ವಾಪಸು ಬರುವಾಗ ಅರವತ್ತಾರು. ಒಳಗೆ ಆ ಮನುಷ್ಯನ ಹೊಟ್ಟೆ ಇನ್ನೂ ತೆರೆದಿದೆ, ಹೊಲಿಯುತ್ತಿದ್ದಾರೆ. ಹೊರಗೆ ಅವನ ಲಿವರಿನ ಚೂರು ಸುಮ್ಮನೆ ಕಾಯುತ್ತಿದೆ. ಉಳಿದ ಲಿವರಿನಲ್ಲಿ ಪಟ್ಟಿ ಮೂಡದಿರಲಿ ಎಂದು ಅವಳು ಬೇಡಿಕೊಂಡಳು. ತಕ್ಷಣ, ಹಾಗೆ ಬೇಡುವುದು ತಪ್ಪು ಎನಿಸಿತು. ಏನು ಬೇಡಬೇಕೆಂದು ತಿಳಿಯದೆ ಮತ್ತೆ ಹೆಜ್ಜೆ ಎಣಿಸಿದಳು. ನೆಲ ಒರೆಸುವವಳು ಬಕೆಟ್ ಪಕ್ಕಕ್ಕೆ ಸರಿಸಿ, "ಮೇಡಂ, ನೀವು ನಡೆದಷ್ಟೂ ನಾನು ಒರೆಸ್ಬೇಕು" ಎಂದಳು. ಆಮೇಲೆ ಇರುವೆ ಗೋಡೆಗೆ ಒತ್ತಿಕೊಂಡು ನಿಂತು, ಗಡಿಯಾರದ ಮುಳ್ಳನ್ನು ದುರುಗುಟ್ಟಿ ನೋಡುತ್ತ ನಲವತ್ತು ನಿಮಿಷ ಮುಗಿಸಿದಳು.

ಬುಧವಾರ ಮಧ್ಯಾಹ್ನ ಫಿಲ್ಮು ಬಂತು. ಗಡ್ಡೆಯಲ್ಲಿ ಕಪ್ಪು ಪಟ್ಟಿ. ಒಟ್ಟಿಗೆ ಹಾಕಿದ ಉಳಿದ ಲಿವರಿನಲ್ಲಿ ಅಷ್ಟೇ ಕಪ್ಪು ಪಟ್ಟಿ. ಟ್ರೇನಲ್ಲಿ ಕಾದದ್ದರಲ್ಲಿ ಏನೂ ಇಲ್ಲ. ಕೆಳಗೆ ಲಾಂಡ್ರಿಯ ಯಂತ್ರ ತಿರುಗುತ್ತಿತ್ತು, ಗಾಜು ಕಿಣಿಗುಡುತ್ತಿತ್ತು. ಅವಳು ಸಿಂಕಿನ ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ಚೆನ್ನಾಗಿ ಅತ್ತಳು. ಮುಖ ತೊಳೆದುಕೊಂಡು, ಹಳೆಯ ನಲವತ್ತೊಂದನೇ ಫಿಲ್ಮನ್ನು ಹೊಸದರ ಜೊತೆಗಿಟ್ಟು, ಪ್ರಯೋಗ ನಡೆಸುವವರಿಗೆ ಪತ್ರ ಬರೆದಳು. ಮುಖ್ಯಸ್ಥರು ಎರಡು ಫಿಲ್ಮನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಅವಳ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಹಾಕಿದರು. ಸಂಜೆಯೊಳಗೆ ಪ್ರಯೋಗ ನಿಂತಿತು.

ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದಳು. ಫ್ಲಾಸ್ಕಣ್ಣ ದಿಂಬಿಗೆ ಒರಗಿಕೊಂಡು ಕೂತಿದ್ದ, ಮೂಗಿನಲ್ಲಿ ನಳಿಕೆ. ಅವಳು ಬಾಯಿ ತೆರೆಯುವ ಮೊದಲೇ, "ಎರಡರಲ್ಲೂ ಬಂತಾ?" ಎಂದು ಕೇಳಿದ.

"ಬಂತು."

"ಕಾದಿದ್ದರಲ್ಲಿ?"

"ಇಲ್ಲ."

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. "ಹನ್ನೆರಡು ವರ್ಷ ನಾನೇ ತಪ್ಪು ಹಾಕಿದೆ ಮೇಡಂ."

"ನೀವು ತಪ್ಪು ಹಾಕಲಿಲ್ಲ ಅಣ್ಣ. ನಾನು ಕೇಳಲಿಲ್ಲ. ಕೇಳಿದ ದಿನ ನೀವು ಹೇಳಿದ್ರಿ." ಅವಳು ಮಂಚದ ಕಂಬಿ ಹಿಡಿದಳು. "ಪಟ್ಟಿಯಲ್ಲಿ ನಿಮ್ಮ ಹೆಸರು ಮೊದಲಿತ್ತು. ಪಟ್ಟಿನೇ ಇಲ್ಲ ಈಗ. ನಿಮಗೆ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ."

ಅವನು ಕೈಯಿಂದ ಮಂಚದ ಪಕ್ಕದ ಸ್ಟೂಲು ತೋರಿಸಿದ. "ಒಂದು ಟೀ ಕುಡಿಯೋಷ್ಟು ಹೊತ್ತು ಕೂತ್ಕೊಳ್ಳಿ."

ಅವಳು ಕೂತಳು. ಕಾಲು ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು, ಅದನ್ನು ಕೈಯಿಂದ ಒತ್ತಿ ಹಿಡಿದಳು. ನರ್ಸು ಬಂದು ಜ್ವರ ನೋಡಿ ಹೋದಳು. ಪಕ್ಕದ ಮಂಚದವನು ಗೊರಕೆ ಹೊಡೆದ. ಹೀಗೇ ಸುಮಾರು ಹೊತ್ತಾದ ಮೇಲೆ ಫ್ಲಾಸ್ಕಣ್ಣ ಕಿಟಕಿಯಿಂದ ಮುಖ ಈಚೆ ತಂದ.

"ಮತ್ತೆ ಮೊದಲಿಂದ ಶುರು ಮಾಡ್ತೀರಲ್ಲ? ಚೂರು ಇಡೋ ಹೊಸ ಡಬ್ಬದಲ್ಲಿ ಒಂದನೇ ನಂಬರು ಯಾರದ್ದು?"

"ನಿಮ್ಮದೇ."

"ನಾನು ಏಳೋವರೆಗೆ ಫ್ಲಾಸ್ಕ್ ಯಾರು ಹಿಡೀತಾರೆ?"

"ನಾನೇ ಹಿಡೀತೀನಿ."

ಅವನು ಸೂಜಿ ಚುಚ್ಚಿದ್ದ ಕೈಯನ್ನೂ ಇನ್ನೊಂದು ಕೈಯನ್ನೂ ಹೊದಿಕೆಯ ಮೇಲೆ ಮೆಲ್ಲಗೆ ಎತ್ತಿ, ಎರಡು ಚಿಮಟ ಹಿಡಿದವನ ಹಾಗೆ ಬೆರಳು ಕೂಡಿಸಿದ. "ನಿಮಗೆ ಅವಸರ ಜಾಸ್ತಿ, ಬಲಗೈ ಮುಂದೆ ಓಡುತ್ತೆ. ಹೀಗೆ ಹಿಡಿದು, ಉಸಿರು ಬಿಟ್ಟು, ಆಮೇಲೆ ಬಿಡಿ. ಎರಡೂ ಒಟ್ಟಿಗೆ ಬೀಳಬೇಕು. ಎಲ್ಲಿ, ಮಾಡಿ ತೋರಿಸಿ."

ಇರುವೆ ಸ್ಟೂಲಿನ ಮೇಲೆ ಕೂತೇ ಎರಡೂ ಕೈ ಮುಂದೆ ಚಾಚಿದಳು. ಅವನು, "ಬಲಗೈ ಮೊದಲು ಬಿಟ್ರಿ, ಇನ್ನೊಂದು ಸಲ" ಎಂದ.