ಮುಪ್ಪಿನ ಅಧ್ಯಯನಕ್ಕೊಬ್ಬ ಮುಂದಾಳು

ಯರಗೇರಾಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನಗೊಂದು ಸೀಟು ಸಿಕ್ಕಿತು. ಅಂದೇ ನನಗೆ ವಯಸ್ಸಾಯಿತು. ರಾಯಚೂರಿನ ಬಸ್ ನಿಲ್ದಾಣದಿಂದ ವಿಶ್ವವಿದ್ಯಾಲಯದ ಗೇಟಿನವರೆಗೆ ವರ್ಷಗಟ್ಟಲೆ ಕಂಬಿ ಹಿಡಿದು, ಹೆಗಲಿನ ಚೀಲವನ್ನು ಅತ್ತಿಂದಿತ್ತ ಬದಲಿಸುತ್ತ ನಿಂತೇ ಹೋದವಳು ನಾನು. ಅವತ್ತು ಯಾರದೋ ಮನೆಯ ಹುಡುಗಿ ಪುಸ್ತಕಗಳನ್ನು ಎದೆಗವಚಿಕೊಂಡು ಎದ್ದು, "ಬರ್ರಿ ಯವ್ವಾ, ಇಲ್ಲಿ ಕುಂಡ್ರಿ" ಎಂದಳು. ಕೂದಲು ನೆರೆತದ್ದು ಕನ್ನಡಿಗೆ ಗೊತ್ತಿತ್ತು, ಮೊಣಕಾಲಿನ ನೋವು ಮೆಟ್ಟಿಲುಗಳಿಗೆ ಗೊತ್ತಿತ್ತು. ಆದರೆ ಅವೆಲ್ಲ ನನ್ನ ಮತ್ತು ನನ್ನ ದೇಹದ ನಡುವಿನ ಖಾಸಗಿ ತಕರಾರುಗಳಾಗಿದ್ದವು. ನೀವೂ ಯೋಚಿಸಿ ನೋಡಿ: ನಮ್ಮ ಹೆಸರನ್ನು ನಾವು ಇಟ್ಟುಕೊಳ್ಳುವುದಿಲ್ಲ, ಮತ್ತೊಬ್ಬರು ಕರೆದಾಗಲೇ ಅದು ನಮ್ಮದಾಗುತ್ತದೆ. ಮುಪ್ಪೂ ಹಾಗೆಯೇ ಇರಬೇಕು.

ವಿಚಿತ್ರವೆಂದರೆ, ಮುಪ್ಪಿನ ಬಗ್ಗೆ ಸಂಶೋಧನೆ ಬೆಳೆಸಲು ಒಂದು ದೊಡ್ಡ ಅನುದಾನ ನನ್ನ ಹೆಸರಿಗೆ ಬಂದದ್ದೂ ಆ ದಿನಗಳಲ್ಲೇ. ನಾನು ಸಮಾಜಕಾರ್ಯ ವಿಭಾಗದ ಪ್ರಾಧ್ಯಾಪಕಿ. ವೃದ್ಧರನ್ನು ಕುರಿತು ಒಂದು ಅಧ್ಯಯನ ಮಾಡಬೇಕೆಂಬ ಆಸೆ ಹಳೆಯದು, ಅದಕ್ಕೊಂದು ಊರೂ ಮನಸ್ಸಿನಲ್ಲಿತ್ತು: ತುಂಗಭದ್ರೆಯ ದಂಡೆಯ ಚೀಕಲಪರ್ವಿ, ನನ್ನ ತಾಯಿಯ ತವರು. ಬೇಸಿಗೆ ರಜೆಯಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಹೊಳೆಗೆ ಕರೆದೊಯ್ದ ಹೆಂಗಸರು ಅಲ್ಲಿ ಈಗಲೂ ಇದ್ದಾರೆ. ಅವರ ಮುಪ್ಪಿನ ಬದುಕನ್ನು ಬರೆಯುವ ಹಕ್ಕು ನನ್ನದೇ ಎಂದು ನಂಬಿಕೊಂಡಿದ್ದೆ. ಪಾಠ, ಪರೀಕ್ಷೆ, ಸಮಿತಿಗಳ ನಡುವೆ ಆ ಆಸೆ ಮುಂದೆ ಮುಂದೆ ಹೋಗುತ್ತಲೇ ಇತ್ತು.

ಅನುದಾನದ ಷರತ್ತು ಮಾತ್ರ ಬೇರೆಯಾಗಿತ್ತು. ಹಣ ನನ್ನ ಸಂಶೋಧನೆಗಲ್ಲ. ನಾನು ಮುಂದಾಳಾಗಿ ನಿಂತು, ಕಿರಿಯ ಅಧ್ಯಾಪಕರನ್ನು ಈ ವಿಷಯಕ್ಕೆ ಒಲಿಸಿ, ಅವರ ಪಾಠದ ಹೊರೆ ಇಳಿಸಿ, ಕಲಿಸಿ, ನಾನು ಹೋದ ಮೇಲೂ ವಿಶ್ವವಿದ್ಯಾಲಯದಲ್ಲಿ ಕೆಲಸ ನಿಲ್ಲದಂತೆ ನೆಲೆ ಹಾಕಿಕೊಡಬೇಕು. ಅಡುಗೆಯ ಹಂಬಲದವಳಿಗೆ ಒಳ್ಳೆಯ ಒಲೆಯನ್ನೇ ಕೊಟ್ಟು, ನೀನು ಮಾಡಬೇಡ, ಬೇರೆಯವರಿಗೆ ಕಲಿಸು ಎಂದಂತೆ.

ಅನುದಾನ ಕೊಡುವ ಮೊದಲಿನ ಸಂದರ್ಶನದಲ್ಲಿ ಒಬ್ಬರು ಕೇಳಿದ್ದರು, "ಇನ್ನು ಕೆಲವೇ ವರ್ಷಕ್ಕೆ ನಿಮ್ಮ ನಿವೃತ್ತಿ. ಆಮೇಲೆ ಯಾರು?" ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದ ನಾನು ಆ ಒಂದನ್ನು ಮರೆತಿದ್ದೆ. "ರೇಣುಕಾ" ಎಂದುಬಿಟ್ಟೆ.

ರೇಣುಕಾ ದೇವದುರ್ಗದವಳು, ನಮ್ಮ ಅರ್ಥಶಾಸ್ತ್ರ ವಿಭಾಗದ ಅತಿಥಿ ಉಪನ್ಯಾಸಕಿ. ವಯಸ್ಸಾದ ಮೇಲೂ ಹತ್ತಿ ಬಿಡಿಸಲು ಹೋಗುವ ಹೆಂಗಸರ ಬಗ್ಗೆ ಅವಳೊಮ್ಮೆ ವಿಚಾರ ಸಂಕಿರಣದಲ್ಲಿ ಮಾತಾಡಿದ್ದನ್ನು ಕೇಳಿದ್ದೆ. ಅಷ್ಟರಿಂದಲೇ ಅವಳ ಹೆಸರು ನನ್ನ ಬಾಯಿಗೆ ಬಂದಿತ್ತು. ಅನುದಾನ ಬಂದ ಸುದ್ದಿ ಹೇಳಿ, ನೀನೂ ಜೊತೆಗಿರಬೇಕು ಎಂದಾಗ ಅವಳು ಹಿಗ್ಗಲಿಲ್ಲ. ಕ್ಯಾಂಟೀನಿನ ಮುಂದಿನ ಬೇವಿನ ನೆರಳಿನಲ್ಲಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

"ನಂಗ ಮನಸ್ಸದ ಮೇಡಂ. ಆದ್ರ ಈ ಕೆಲಸ ಒಮ್ಮೆ ಹೋಗಿ ಕೇಳಿ ಬರೂದಲ್ಲ. ಅದೇ ಮಂದಿ ಹಂತ್ಯಾಕ ವರ್ಷಾ ವರ್ಷಾ ಹೋಗಬೇಕು. ಹೋದ ವರ್ಷ ನಡದು ಬಂದಾಕಿ ಈ ವರ್ಷ ಬಡಿಗಿ ಹಿಡದಾಳೇನು, ಆಗ ಮಾತಾಡೋರು ಈಗೂ ಅದಾರೇನು, ಎಲ್ಲಾ ನೋಡಬೇಕು. ಬರೋ ವರ್ಷ ನನ್ನ ನೌಕರೀನೇ ಇರ್ತದೋ ಇಲ್ಲೋ ಗೊತ್ತಿಲ್ಲ. ಮತ್ತ ಬರ್ತೀನಿ ಯವ್ವಾ ಅಂತ ಯಾವ ಬಾಯಿಲೆ ಮಾತು ಕೊಡ್ಲಿ?"

ನಾಳೆಯ ಭರವಸೆ ಇಲ್ಲದಿರುವುದು ಮುದುಕರ ಪಾಡು ಎಂದು ಪಾಠ ಹೇಳುತ್ತ ಬಂದವಳು ನಾನು. ಎದುರಿಗೆ ಕೂತವಳು ಮೂವತ್ತರ ಆಸುಪಾಸಿನಲ್ಲೇ ಅದನ್ನು ಉಣ್ಣುತ್ತಿದ್ದಳು.

ಅನುದಾನದಲ್ಲಿ ಮುಂದಾಳಿನ ಸ್ವಂತ ಅಧ್ಯಯನಕ್ಕೆ ಎಂದು ಒಂದು ಸಣ್ಣ ಪಾಲನ್ನು ಕೊನೆಗೂ ಒಪ್ಪಿಸಿಕೊಂಡಿದ್ದೆ; ಚೀಕಲಪರ್ವಿಯ ಆಸೆ ಅದರಲ್ಲಿ ಉಸಿರಾಡುತ್ತಿತ್ತು. ಅದನ್ನೂ ಕೂಡಿಸಿದರೆ ಯೋಜನೆ ಮುಗಿಯುವವರೆಗೆ ರೇಣುಕಾಗೆ ಸಂಶೋಧಕಿಯ ಹುದ್ದೆಯೊಂದನ್ನು ಗಟ್ಟಿಯಾಗಿ ಕೊಡಬಹುದಿತ್ತು. ಎಷ್ಟೋ ದಿನ ಅತ್ತಲೂ ಇತ್ತಲೂ ತೂಗಿ ನೋಡಿದೆ. ಉದಾರತೆ ಎಂಬುದು ಪುಸ್ತಕದಲ್ಲಿ ಓದುವಷ್ಟು ಸಲೀಸಲ್ಲ. ಒಂದೊಂದು ಬೆರಳನ್ನೇ ಬಿಡಿಸಿ ಕೈ ತೆರೆಯಬೇಕಾಗುತ್ತದೆ. ನನ್ನ ಪಾಲನ್ನೂ ರೇಣುಕಾಳ ಹುದ್ದೆಗೇ ಬಿಡುತ್ತೇನೆ ಎಂದು ಕುಲಪತಿಗಳಿಗೆ ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟು ಕಕ್ಕುಲತೆಯಿಂದಲೇ ಅಂದರು, "ವಿಚಾರ ಮಾಡ್ರಿ ಮೇಡಂ. ನಿಮ್ಮ ಹೆಸರಿಗೆ ಬಂದದ್ದು. ನಿವೃತ್ತಿಗೆ ಮುಂಚೆ ನಿಮ್ಮದೂ ಅಂತ ಒಂದು ಪುಸ್ತಕ ಬ್ಯಾಡೇನು?"

"ಬೇಕ್ರೀ ಸರ್" ಎಂದೆ, ಸುಳ್ಳು ಹೇಳಲಾಗಲಿಲ್ಲ. "ಆದ್ರ ಪುಸ್ತಕ ಮತ್ತ ಆ ಊರಿಗೆ ಹೋಗಂಗಿಲ್ಲ. ರೇಣುಕಾ ಹೋಗ್ತಾಳ."

ಅವರು ಒಪ್ಪಿದರು. ಆ ವರ್ಷವೆಲ್ಲ ನಮ್ಮ ಪುಟ್ಟ ಗುಂಪು ಕಟ್ಟುವುದರಲ್ಲಿ ಕಳೆಯಿತು. ಕಿರಿಯ ಅಧ್ಯಾಪಕರನ್ನು ಕರೆದರೆ, ಮುದುಕರ ವಿಷಯ ಹಿಡಿದರೆ ಮುಂದೆ ಭವಿಷ್ಯವೆಲ್ಲಿ ಎಂದು ನಕ್ಕು ಜಾರಿಕೊಂಡವರೇ ಹೆಚ್ಚು. ಭವಿಷ್ಯವನ್ನು ಹುಡುಕಿಕೊಂಡು ಮುಪ್ಪಿನಿಂದ ಓಡುವ ಈ ಮಾತನ್ನು ನೆನೆದಾಗೆಲ್ಲ ನನಗೆ ನಗು ಬರುತ್ತದೆ, ಏಕೆಂದರೆ ಎಲ್ಲರ ಭವಿಷ್ಯವೂ ಆ ದಾರಿಯಲ್ಲೇ ಕುಳಿತು ಕಾಯುತ್ತಿದೆ. ಆದರೂ ಕೆಲವರು ಉಳಿದರು. ಪ್ರಶ್ನೆ ಕೇಳುವುದು ಹೇಗೆ, ಕೇಳಿ ಸುಮ್ಮನಿರುವುದು ಹೇಗೆ ಎಂದು ನಾನೇ ಅವರಿಗೆ ಹೇಳಿಕೊಟ್ಟೆ. ಎರಡನೆಯದನ್ನು ತುಸು ಒತ್ತಿಯೇ ಹೇಳಿದ್ದೆ.

ಕೊನೆಗೆ ಚೀಕಲಪರ್ವಿಗೆ ಹೋದೆವು. ಮಾನ್ವಿಯಿಂದ ಮುಂದೆ ಭತ್ತದ ಗದ್ದೆಗಳ ನಡುವೆ ಜೀಪು ಸಾಗುವಾಗ, ಬಾಲ್ಯವನ್ನೆಲ್ಲ ರೇಣುಕಾಗೆ ಕಿಟಕಿಯಿಂದ ತೋರಿಸುತ್ತ ಕೂತಿದ್ದೆ. ಮೊದಲು ಹೊಕ್ಕಿದ್ದು ನೀಲವ್ವನ ಮನೆ. ನನ್ನನ್ನು ಹೊಳೆಗೆ ಹೊತ್ತೊಯ್ಯುತ್ತಿದ್ದ ನೀಲವ್ವ. ಈಗ ಬಾಗಿ, ಒಂದು ಹಿಡಿಯಷ್ಟಾಗಿದ್ದಾಳೆ.

"ನಮ್ಮ ಸುಧಾ ಬಂದಾಳಲ್ಲ!" ಎಂದು ನನ್ನ ಗಲ್ಲ ಸವರಿ, ಪಕ್ಕದಲ್ಲೇ ಕೂರಿಸಿಕೊಂಡಳು.

ರೇಣುಕಾ ಎದುರಿಗೆ ಚಾಪೆಯ ಮೇಲೆ ಕೂತು ಮೆಲ್ಲಗೆ ಕೇಳಿದಳು, "ಯವ್ವಾ, ಮೈಯಾಗ ಆರಾಮ ಇಲ್ಲದಾಗ ಯಾರ್ನ ಕರೀತಿ?"

ನೀಲವ್ವ ನನ್ನ ಮುಖ ನೋಡಿ ನಕ್ಕಳು. "ನನಗೇನಾಗ್ಯದ? ಎಲ್ಲಾ ಚಲೋ ಅದ."

"ಸೊಸಿ ಅದಾಳಲ್ಲ, ಭಾಳ ಚಲೋ ನೋಡ್ಕೋತಾಳ" ಎಂದೆ ನಾನು.

"ಹೂಂ, ನೋಡ್ಕೋತಾಳ."

ರೇಣುಕಾ ಮತ್ತೊಂದು ಕೇಳಿದಳು. ನೀಲವ್ವ ಮತ್ತೆ ನನ್ನತ್ತ ತಿರುಗಿದಳು. ನಾನು ಮತ್ತೆ ಅವಳ ಮಾತನ್ನು ಪೂರ್ತಿ ಮಾಡಿದೆ. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ರೇಣುಕಾ ನನ್ನತ್ತ ನೋಡಿದಳು. ಅವಳ ಮುಖ ಕೆಂಪಾಗಿತ್ತು, ದನಿ ಮಾತ್ರ ನಡುಗಲಿಲ್ಲ.

"ಮೇಡಂ, ನೀವು ಸ್ವಲ್ಪ ಹೊರಗ ಕುಂಡ್ರಿ."

ಎದ್ದು ಹೊರಗೆ ಬಂದೆ. ಕಟ್ಟೆಯ ಮೇಲೆ ಕೂತಾಗ ಕಿವಿ ಬಿಸಿಯಾಗಿದ್ದವು. ನನ್ನ ತಾಯಿಯ ಊರು, ನನ್ನನ್ನು ಎತ್ತಿ ಆಡಿಸಿದ ನೀಲವ್ವ, ನನ್ನ ಹೆಸರಿನ ಅನುದಾನ. ಹೊರಗೆ ಕೂರುವವಳು ನಾನೇ! ದೂರದಲ್ಲಿ ಹೊಳೆ ಬಿಸಿಲಿಗೆ ಮಿನುಗುತ್ತ, ಯಾರ ಗೊಡವೆಯೂ ಇಲ್ಲದಂತೆ ಹರಿಯುತ್ತಿತ್ತು. ಒಳಗೆ ಬಹಳ ಹೊತ್ತು ಮೌನ. ರೇಣುಕಾ ಏನೂ ಕೇಳುತ್ತಿರಲಿಲ್ಲ. ಆಮೇಲೆ ನೀಲವ್ವನ ದನಿ ಎದ್ದಿತು, ನನ್ನೊಡನೆ ಆಡಿದ ದನಿಯಲ್ಲ, ತಗ್ಗಿದ, ಅವಸರವಿಲ್ಲದ ಬೇರೊಂದು ದನಿ.

"ಆಕಿ ಮುಂದ ಹೆಂಗ ಹೇಳ್ಲಿ ತಂಗಿ, ಆಡಿಸಿದ ಕೂಸು, ಸಂಕಟ ಮಾಡ್ಕೋತಾಳ" ಎಂದದ್ದು ಕೇಳಿತು. ಮುಂದಿನದು ಕೇಳಿಸಲಿಲ್ಲ. ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿಯಬಹುದಿತ್ತು, ಸರಿಯಲಿಲ್ಲ. ಮಾತು ನಿಲ್ಲದೆ ಸಾಗಿತ್ತು, ನಡುನಡುವೆ ರೇಣುಕಾಳ ಒಂದು ಸಣ್ಣ "ಹೂಂ". ಕಿವಿಯ ಬಿಸಿ ಯಾವಾಗ ಇಳಿಯಿತೋ ತಿಳಿಯದು.

ಗದ್ದೆಯಿಂದ ಬಂದ ಸೊಸೆ ಕಾಲು ತೊಳೆದುಕೊಳ್ಳುತ್ತ ಬೆರಗಾಗಿ ಕೇಳಿದಳು, "ಯಾಕ್ರೀ ಅಕ್ಕಾರ, ಹೊರಗ ಕುಂತೀರಿ?"

"ಒಳಗ ಕೆಲಸ ನಡದದವ್ವಾ."

"ಮತ್ತ ನಿಮ್ಮ ಕೆಲಸ?"

ಒಳಗಿನ ದನಿಗೆ ಇನ್ನೊಮ್ಮೆ ಕಿವಿಗೊಟ್ಟೆ.

"ನಂದು ಆಗ್ಯದ" ಎಂದೆ.