ಹಿಂಬದಿ ಮೆಟ್ಟಿಲ ಮೇಲಿನ ಮಾಲು

ವಿಠ್ಠಲವಾಡಿಯ ಆ ಶರ್ಟ್ ಕಾರ್ಖಾನೆಗೆ ನಾನು ಸೇರುವ ಹೊತ್ತಿಗೆ ಅಲ್ಲಿಂದ ವಿದೇಶಕ್ಕೆ ಹೋಗುವ ಮಾಲು ಯಾವತ್ತೂ ಹೇಳಿದ ದಿನಕ್ಕೆ ಹೊರಡುತ್ತಿರಲಿಲ್ಲ. ಕಾಲರ್ ಹೊಲಿದು ಗುಡ್ಡೆ ಬಿದ್ದಿರುತ್ತಿತ್ತು, ತೋಳುಗಳು ಇನ್ನೂ ಕಟಿಂಗ್ ಮೇಜಿನ ಮೇಲೇ ಇರುತ್ತಿದ್ದವು. ಕೊನೆಯ ದಿನ ಪ್ಯಾಕಿಂಗಿಗೆ ಕೂತಾಗ ಒಂದು ಸೈಜೇ ಇಲ್ಲವೆಂದು ಗೊತ್ತಾಗುತ್ತಿತ್ತು. ಬಂದರಿನಲ್ಲಿ ಹಡಗು ಯಾರಿಗೂ ಕಾಯುವುದಿಲ್ಲ.

ಇದನ್ನು ಸರಿಮಾಡಿದವರು ಉಡುಪಿ ಕಡೆಯ ಹೊಸ ಮ್ಯಾನೇಜರ್. ಒಂದು ಶರ್ಟಿನ ತುಂಡುಗಳೆಲ್ಲ ಒಂದೇ ಕಟ್ಟಿನಲ್ಲಿ ಸಾಗಬೇಕು, ಪ್ಯಾಕಿಂಗ್ ದಿನದಿನವೂ ಮುಗಿಯಬೇಕು ಎಂದರು. ಆದರೆ ತುಂಬಿದ ಪೆಟ್ಟಿಗೆ ಇಡಲು ಕೆಲಸ ನಡೆಯುವ ಮೇಲಿನ ಮಹಡಿಯಲ್ಲಿ ಜಾಗವಿರಲಿಲ್ಲ. ಹಾಗಾಗಿ ಅವನ್ನು ಹಿಂಬದಿಯ ಮೆಟ್ಟಿಲ ಮೇಲೆ, ಟೆಂಪೋಗೆ ಏರಿಸುವ ಕ್ರಮದಲ್ಲೇ ಜೋಡಿಸತೊಡಗಿದರು. ಡೆಲಿವರಿ ತಪ್ಪುವುದು ನಿಂತಿತು. ಬಿ.ಎಸ್ಸಿ. ಮುಗಿಸಿ ಡೊಂಬಿವ್ಲಿಯಿಂದ ಲೋಕಲ್ ರೈಲು ಹಿಡಿದು ತಪಾಸಣೆಯ ಕೆಲಸಕ್ಕೆ ಬರುತ್ತಿದ್ದ ನನಗೂ ಆ ಅಚ್ಚುಕಟ್ಟು ಮೆಚ್ಚಿಗೆಯಾಗಿತ್ತು. ಸಾಮಾನ್ಯ ದಿನ ಗೋಡೆಯ ಪಕ್ಕ ಒಬ್ಬರು ಓರೆಯಾಗಿ ಇಳಿಯುವಷ್ಟು ಸಂದು ಉಳಿಯುತ್ತಿತ್ತು. ಮಾಲು ಹೊರಡುವ ದಿನ ಅದೂ ತುಂಬಿರುತ್ತಿತ್ತು.

ಬೆಂಕಿ ಬಿದ್ದದ್ದು ಅಂಥದೊಂದು ಮಧ್ಯಾಹ್ನ. ಮುಂಬಾಗಿಲ ಮೆಟ್ಟಿಲಿಗೆ ಹೊಂದಿಕೊಂಡೇ ಇಸ್ತ್ರಿಯ ಮೇಜುಗಳಿದ್ದವು. ಬಟ್ಟೆಯ ಕಲೆ ತೆಗೆಯಲು ಇಟ್ಟಿದ್ದ ಪೆಟ್ರೋಲಿನಂಥ ದ್ರಾವಣದ ಡಬ್ಬಿ ಅಲ್ಲಿ ಉರುಳಿ ಮುಂದಿನ ದಾರಿಯೇ ಹೊತ್ತಿಕೊಂಡಿತೆಂದು ಆಮೇಲೆ ಕೇಳಿದೆ. ನಾನು ಕೆಳಗೆ ಟೆಂಪೋ ಚಾಲಕನ ಜೊತೆ ಮಾತಾಡುತ್ತಿದ್ದೆ. ಕಿಟಕಿಯ ಸರಳುಗಳ ನಡುವಿನಿಂದ ಕಪ್ಪು ಹೊಗೆ, ಅದರ ಹಿಂದೆ ಕೂಗು. ಹಿಂಬಾಗಿಲಿಗೆ ಓಡಿದೆ.

ಮೆಟ್ಟಿಲ ಮೇಲ್ತುದಿಯಲ್ಲಿ, ಪೆಟ್ಟಿಗೆಗಳ ಸಾಲಿನಾಚೆ, ಪ್ಯಾಕಿಂಗಿನ ಹಿರಿಯ ಹೆಂಗಸು ನಿಂತಿದ್ದಳು. ಕಲಬುರಗಿಯವಳು. ಕನ್ನಡದವರು, ಮರಾಠಿಯವರು ಎಲ್ಲರಿಗೂ ಅವಳು ಮೌಶಿ, ಅಂದರೆ ಚಿಕ್ಕಮ್ಮ. ಅವಳ ಬೆನ್ನಿಗೆ ಉಳಿದವರೆಲ್ಲ ಒತ್ತಿಕೊಂಡು ಕೆಮ್ಮುತ್ತಿದ್ದರು. ಅಷ್ಟಾದರೂ ಅವಳು ಮೇಲಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಂದಿನವಳಿಗೆ ಕೊಡುತ್ತಿದ್ದಳು. ಅದು ಕೈಯಿಂದ ಕೈಗೆ, ಹೊಗೆ ತುಂಬಿದ ಒಳಗೆ, ಜೋಪಾನವಾಗಿ ಹೋಗುತ್ತಿತ್ತು. ಹೀಗೆ ಒಂದೊಂದೇ ಮೆಟ್ಟಿಲು ಬಿಡಿಸಿಕೊಂಡು ಇಳಿಯುವ ಅಂದಾಜು.

ಅವುಗಳ ಮೇಲೆ ಹತ್ತಿ ತುಳಿದುಕೊಂಡು ಬನ್ನಿ ಎಂದು ನಾನು ಕಿರುಚಿದೆ.

"ಅನ್ನ ಕೊಡೋ ಮಾಲ್ ಅದರಿ ಮೇಡಂ, ಕಾಲು ಹ್ಯಾಂಗಿಡ್ಲಿ?" ಎಂದಳು.

ಅದು ನೆಪವಾಗಿರಲಿಲ್ಲ. ನೆಲಕ್ಕೆ ಬಿದ್ದ ತುಂಡು ಬಟ್ಟೆಗೆ ಕಾಲು ತಾಗಿದರೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹೆಂಗಸರು ಅವರು. ಹಿಂದಿದ್ದ ಯಾರೂ ಅವಳನ್ನು ನೂಕಲಿಲ್ಲ. ಚಾಲಕನೂ ನಾನೂ ಕೆಳಗಿನ ಪೆಟ್ಟಿಗೆಗಳನ್ನು ರಸ್ತೆಗೆ ಎಳೆದೆಳೆದು ಹಾಕುತ್ತಿದ್ದೆವು. ಎಷ್ಟು ಎಳೆದರೂ ಮುಗಿಯುತ್ತಿರಲಿಲ್ಲ.

ಅಷ್ಟರಲ್ಲಿ ಗುಂಡಿ ಹೊಲಿಯುವ ಹುಡುಗಿ ಅಲ್ಲೇ ಕುಸಿದಳು. ಮೌಶಿ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಬಗ್ಗಿ, ಮುಂದಿನ ಪೆಟ್ಟಿಗೆಯನ್ನು ಮುಟ್ಟಿ, ಬೆರಳುಗಳನ್ನು ಕಣ್ಣಿಗೊತ್ತಿಕೊಂಡು, ಅದರ ಮೇಲೆ ಕಾಲಿಟ್ಟಳು. ರಟ್ಟು ಕುಸಿದ ಸದ್ದು ಕೆಳಗಿದ್ದ ನನಗೂ ಕೇಳಿಸಿತು. ಅವಳ ಹಿಂದೆ ಎಲ್ಲರೂ ಬಿದ್ದು ಜಾರಿ ಇಳಿದರು, ಹುಡುಗಿಯನ್ನು ಎಳೆದುಕೊಂಡೇ ಬಂದರು. ಯಾರೂ ಸಾಯಲಿಲ್ಲ. ಆದರೆ ಅವಳು ಬಗ್ಗಿದ ಆ ಕ್ಷಣ ನನ್ನೊಳಗೆ ಇನ್ನೂ ಮುಗಿದಿಲ್ಲ. ಕೆಲವು ಸಲ ನಿದ್ದೆಯಲ್ಲಿ ಅವಳು ಬಗ್ಗುತ್ತಾಳೆ, ಮತ್ತೆ ಏಳುವುದಿಲ್ಲ.

ನೀರು, ಮರಳು ಸುರಿದು ಬೆಂಕಿ ಆರಿಸಿದರು. ಸುಟ್ಟದ್ದು ಇಸ್ತ್ರಿಯ ಭಾಗ ಮಾತ್ರ. ಒಳಗೆ ಹೋಗಿದ್ದ ಶರ್ಟುಗಳಿಗೆ ಹೊಗೆ ಹಿಡಿದಿತ್ತು, ಅವನ್ನು ಬೇರೆ ಮಾಡಿದರು. ಉಳಿದವನ್ನು ಅದೇ ಹೆಂಗಸರು ರಸ್ತೆಯ ಬದಿ ಕೂತು ಹೊಸ ಪೆಟ್ಟಿಗೆಗೆ ತುಂಬಿದರು. ಟೆಂಪೋ ಸಂಜೆಯೊಳಗೆ ಹೊರಟಿತು.

"ದೇವರು ದೊಡ್ಡವ ಮಾರಾಯ್ತಿ, ಡೆಲಿವರಿ ತಪ್ಪಲಿಲ್ಲ," ಎಂದರು ಮ್ಯಾನೇಜರ್.

ಇನ್ನು ಮೆಟ್ಟಿಲು ಖಾಲಿ ಇಡಿ ಎಂದು ಮರುದಿನ ಕೇಳಿಕೊಂಡೆ. ಅವರಿಗೂ ಅದೇ ಬೇಕಿತ್ತೋ ಏನೋ, ಕಾರ್ಖಾನೆಯ ಮಾಲೀಕ ಸೇಠರ ಬಳಿ ಹೋಗಿ ಬಂದರು. ಬಂದವರೇ ರೇಗಿದರು. "ಮತ್ತೆಲ್ಲಿ ಇಡುವುದು, ನನ್ನ ತಲೆ ಮೇಲಾ? ಜಾಗ ನೀನೇ ತೋರಿಸು."

ಮುಂದಿನ ಆರ್ಡರಿನ ಪೆಟ್ಟಿಗೆಗಳು ತಯಾರಾದ ದಿನ ಮೌಶಿ ಊಟದ ಡಬ್ಬಿ ಹಿಡಿದು ಹಿಂಬದಿ ಮೆಟ್ಟಿಲಲ್ಲಿ ಹೋಗಿ ಕೂತಳು. ಮರುದಿನ ಇನ್ನಷ್ಟು ಜನ ಕೂತರು, ಮೆಟ್ಟಿಲಿಗಿಬ್ಬರಂತೆ. ಪೆಟ್ಟಿಗೆ ಹೊತ್ತವರನ್ನು ಕರೆದುಕೊಂಡು ಮ್ಯಾನೇಜರ್ ಬಂದರೆ, ಅವಳು ಪಕ್ಕಕ್ಕೆ ಸರಿದು ಜಾಗ ತೋರಿಸಿದಳು.

"ಬರ್ರಿ ಸಾಹೇಬ್ರ, ಕುಂದರ್ರಿ. ಇಲ್ಲಿ ಗಾಳಿ ಛಲೋ ಬರ್ತದ."

ಹೆಂಗಸರು ನಕ್ಕರು. ಊಟ ಮಾಡುವವರನ್ನು ಎಬ್ಬಿಸಲು ಮ್ಯಾನೇಜರಿಗೆ ಮನಸ್ಸು ಬರಲಿಲ್ಲ. ಹಿಂತಿರುಗಿದರು. ಆದರೆ ಊಟದ ಗಂಟೆ ಮುಗಿದ ಮೇಲೆ ಎಲ್ಲರೂ ಮಷೀನಿಗೆ ಹೋಗಲೇಬೇಕಿತ್ತು. ಅವರು ಎದ್ದುಹೋದ ಮೇಲೆ ಪೆಟ್ಟಿಗೆಗಳು ಬಂದು ಕೂರುತ್ತಿದ್ದವು. ಮರುದಿನ ಅವರು ಕೂರಲು ಒಂದೆರಡು ಮೆಟ್ಟಿಲು ಕಡಿಮೆಯಾಗಿರುತ್ತಿತ್ತು.

ಬೇಲಾಪುರದಲ್ಲಿ ಕಚೇರಿ ಕೆಲಸ ಸಿಕ್ಕಿ ನಾನು ಬಿಡುವ ದಿನ ಹೇಳಿಹೋಗಲು ಹಿಂಬದಿಗೆ ಹೋದೆ. ಮೌಶಿ ಮೇಲಿನ ಮೆಟ್ಟಿಲಲ್ಲಿ ಒಬ್ಬಳೇ ಕೂತು ರೊಟ್ಟಿ ಮುರಿಯುತ್ತಿದ್ದಳು. ಉಳಿದವರಿಗೆ ಜಾಗವಿರಲಿಲ್ಲ.